ದುಗ್ಧರಸ ಚಿಕಿತ್ಸೆ ಬೇಕಾದವರಿಗೆ ಮೊದಲು ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಆಸ್ಟಿಯೋಪಥಿ ಎಂಬ, ಕೈಯಿಂದ ಒತ್ತಿ ಸರಿಸಿ ಮಾಡುವ ಚಿಕಿತ್ಸಾ ಪದ್ಧತಿಯ ದುಗ್ಧರಸ (ಲಿಂಫ್) ಮರ್ದನವನ್ನು ಕುರಿತ ಲೇಖನವನ್ನು ಓದಿದೆ. ಎದೆ, ಹೊಟ್ಟೆ ಮತ್ತು ಪಾದಗಳನ್ನು ಲಯಬದ್ಧವಾಗಿ ಒತ್ತುವುದರಿಂದ ದುಗ್ಧರಸದ ಹರಿವು ಹೆಚ್ಚುತ್ತದೆ, ಅದರಿಂದ ರೋಗನಿರೋಧಕ ಶಕ್ತಿ ವೃದ್ಧಿಯಾಗುತ್ತದೆ, ಆದ್ದರಿಂದ ಆರೋಗ್ಯವಂತರೂ ಆಗಾಗ ಈ ಚಿಕಿತ್ಸೆ ಪಡೆಯುವುದು ಒಳ್ಳೆಯದು ಎಂಬುದು ಆ ಲೇಖನದ ಸಾರ. ಈ ಮೂರು ಮಾತುಗಳಲ್ಲಿ ಮೊದಲನೆಯದಕ್ಕೆ ಪ್ರಯೋಗಗಳ ಆಧಾರವಿದೆ, ಎರಡನೆಯದಕ್ಕೆ ಇರುವ ಆಧಾರ ತೀರ ತೆಳುವಾದದ್ದು, ಮೂರನೆಯದಕ್ಕೆ ಆಧಾರವೇ ಇಲ್ಲ. ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೈಕಾಲು ಬಾವಿನ ರೋಗಿಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನನಗೆ ಈ ವ್ಯತ್ಯಾಸವನ್ನು ಓದುಗರ ಮುಂದಿಡುವುದು ಅಗತ್ಯವೆನಿಸಿದೆ. ಏಕೆಂದರೆ ದುಗ್ಧರಸದ ಚಿಕಿತ್ಸೆ ನಿಜವಾಗಿ ಬೇಕಾಗಿರುವ ಜನ ನಮ್ಮ ಜಿಲ್ಲೆಯಲ್ಲೇ ಇದ್ದಾರೆ, ಮತ್ತು ಅವರಿಗೆ ಅದು ಸಿಗುತ್ತಿಲ್ಲ.

ರಕ್ತದ ಸೂಕ್ಷ್ಮನಾಳಗಳಿಂದ ಅಂಗಾಂಶಗಳಿಗೆ ಜಿನುಗುವ ದ್ರವದಲ್ಲಿ ಹೆಚ್ಚುವರಿಯಾಗಿ ಉಳಿದದ್ದನ್ನು, ಅದರೊಂದಿಗೆ ಪ್ರೋಟೀನುಗಳನ್ನು ಮತ್ತು ಸೂಕ್ಷ್ಮಜೀವಿಗಳ ಅವಶೇಷಗಳನ್ನು ಒಯ್ಯುವ ವ್ಯವಸ್ಥೆಯೇ ದುಗ್ಧನಾಳಗಳದು. ಅವುಗಳಲ್ಲಿ ಹರಿಯುವ ಆ ದ್ರವವೇ ದುಗ್ಧರಸ. ದಿನಕ್ಕೆ ಹಲವು ಲೀಟರ್ ದ್ರವ ಈ ದಾರಿಯಲ್ಲಿ ಸಾಗಿ, ಕುತ್ತಿಗೆಯ ಬುಡದಲ್ಲಿರುವ ದೊಡ್ಡ ಅಭಿಧಮನಿಗಳ ಮೂಲಕ ಮರಳಿ ರಕ್ತವನ್ನು ಸೇರುತ್ತದೆ. ರಕ್ತಕ್ಕೆ ಹೃದಯವಿರುವಂತೆ ದುಗ್ಧರಸಕ್ಕೆ ಪ್ರತ್ಯೇಕವಾದ ಪಂಪ್ ಇಲ್ಲ. ದೊಡ್ಡ ದುಗ್ಧನಾಳಗಳ ಗೋಡೆಗಳು ತಾವೇ ಸಂಕುಚಿಸುತ್ತವೆ, ಒಳಗಿನ ಕವಾಟಗಳು ದ್ರವ ಹಿಂದಕ್ಕೆ ಬಾರದಂತೆ ತಡೆಯುತ್ತವೆ, ನಡೆಯುವಾಗ ಮೀನಖಂಡದ ಸ್ನಾಯುಗಳು ಮತ್ತು ಉಸಿರಾಡುವಾಗ ವಪೆ ಹಾಗೂ ಎದೆಗೂಡು ಅದನ್ನು ಮುಂದಕ್ಕೆ ನೂಕುತ್ತವೆ. ಬಗಲಿನಲ್ಲಿ, ತೊಡೆಸಂದಿನಲ್ಲಿ, ಕುತ್ತಿಗೆಯಲ್ಲಿ, ಹೊಟ್ಟೆಯೊಳಗೆ ಇರುವ ದುಗ್ಧಗ್ರಂಥಿಗಳಲ್ಲಿ ಬಿಳಿ ರಕ್ತಕಣಗಳು ಈ ದ್ರವವನ್ನು ಪರೀಕ್ಷಿಸಿ, ಪರಕೀಯವೆಂದು ಕಂಡದ್ದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ತೊಡಗುತ್ತವೆ. ಹೀಗಾಗಿ ದುಗ್ಧರಸಕ್ಕೂ ರೋಗನಿರೋಧಕ ವ್ಯವಸ್ಥೆಗೂ ಸಂಬಂಧವಿದೆ ಎಂಬ ಲೇಖಕರ ಮಾತಿನಲ್ಲಿ ತಪ್ಪಿಲ್ಲ. ಆ ಸಂಬಂಧದಿಂದ ಅವರು ತೆಗೆದ ತೀರ್ಮಾನದ ಬಗ್ಗೆ ಮಾತ್ರ ನನ್ನ ತಕರಾರು.

ಆಸ್ಟಿಯೋಪಥಿಯನ್ನು 1874ರಲ್ಲಿ ಪ್ರಾರಂಭಿಸಿದವರು ಅಮೆರಿಕದ ವೈದ್ಯ ಆ್ಯಂಡ್ರೂ ಟೇಲರ್ ಸ್ಟಿಲ್. ಅದರ ಮೊದಲ ಶಾಲೆ 1892ರಲ್ಲಿ ಮಿಸ್ಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ತೆರೆಯಿತು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯ ನಂತರ, ತಮ್ಮ ಕೈಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಸಾವು ಬಹಳ ಕಡಿಮೆ ಇತ್ತೆಂದು ಆಸ್ಟಿಯೋಪಥಿಯವರು ತಮ್ಮ ತಮ್ಮ ಲೆಕ್ಕಗಳನ್ನು ಒಟ್ಟುಗೂಡಿಸಿ ಹೇಳಿದರು. ಲೇಖನವೂ ಅದನ್ನೇ ಮೊದಲ ಸಾಕ್ಷಿಯಾಗಿ ಮುಂದಿಟ್ಟಿದೆ. ಆದರೆ ಆ ಲೆಕ್ಕದಲ್ಲಿ ಹೋಲಿಸಿ ನೋಡಲು ಮತ್ತೊಂದು ಗುಂಪು ಇರಲಿಲ್ಲ. ಯಾರ ರೋಗ ಎಷ್ಟು ತೀವ್ರವಾಗಿತ್ತು, ಯಾರು ಆಸ್ಪತ್ರೆಗೆ ಹೋದರು, ಯಾರು ಮನೆಯಲ್ಲೇ ಉಳಿದರು ಎಂಬುದನ್ನು ಸರಿದೂಗಿಸುವ ಕ್ರಮವೂ ಇರಲಿಲ್ಲ. ಚಿಕಿತ್ಸೆ ಕೊಟ್ಟವರೇ ಫಲವನ್ನೂ ಎಣಿಸಿದ ಲೆಕ್ಕವನ್ನು ಇಂದಿನ ವೈದ್ಯಶಾಸ್ತ್ರ ಪುರಾವೆಯೆಂದು ಸ್ವೀಕರಿಸುವುದಿಲ್ಲ. 1920ರ ದಶಕದಲ್ಲಿ ಅರ್ಲ್ ಮಿಲ್ಲರ್ ಎಂಬ ವೈದ್ಯರು ಎದೆಯನ್ನು ಲಯಬದ್ಧವಾಗಿ ಒತ್ತಿ ಬಿಡುವ ವಿಧಾನವನ್ನು ರೂಪಿಸಿದರು. ಹೊಟ್ಟೆ, ಗುಲ್ಮ ಮತ್ತು ಪಾದಗಳ ಮೇಲೆ ಮಾಡುವ ಇಂಥವೇ ವಿಧಾನಗಳು ಕೂಡ ಬಳಕೆಗೆ ಬಂದವು.

ಈ ವಿಧಾನಗಳ ಮೇಲೆ ಗಂಭೀರವಾದ ಪ್ರಯೋಗಶಾಲೆಯ ಕೆಲಸ ನಡೆದದ್ದು ಈ ಶತಮಾನದಲ್ಲಿ, ಬಹುಪಾಲು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ. ಅರಿವಳಿಕೆ ಕೊಟ್ಟ ನಾಯಿಗಳ ಎದೆಯ ಮುಖ್ಯ ದುಗ್ಧನಾಳಕ್ಕೆ ನಳಿಕೆ ಹಾಕಿ, ಹೊಟ್ಟೆಯನ್ನು ನಾಲ್ಕು ನಿಮಿಷ ಕಾಲ ಲಯವಾಗಿ ಒತ್ತಿದಾಗ, ದುಗ್ಧರಸದ ಹರಿವು ಮೂರು ಪಟ್ಟಿಗೂ ಹೆಚ್ಚಾಯಿತು, ಪ್ರತಿ ಮಿಲಿಲೀಟರಿನಲ್ಲಿದ್ದ ಬಿಳಿ ರಕ್ತಕಣಗಳ ಸಂಖ್ಯೆ ಎರಡು ಪಟ್ಟು ದಾಟಿತು ಎಂದು 2007ರಲ್ಲಿ ಲೀಸಾ ಹಾಡ್ಜ್ ಮತ್ತು ಸಂಗಡಿಗರು ವರದಿ ಮಾಡಿದರು. ಆ ಕಣಗಳಲ್ಲಿ ಒಂದಷ್ಟು ಕರುಳಿನ ಸುತ್ತಲಿನ ಅಂಗಾಂಶದಿಂದ ಬಂದವು ಎಂಬುದನ್ನೂ ಮುಂದೆ ತೋರಿಸಿದರು. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿದ ಇಲಿಗಳಿಗೆ ದಿನಾಲೂ ಈ ಚಿಕಿತ್ಸೆ ಕೊಟ್ಟಾಗ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ತಗ್ಗಿತು. ಇವು ಎಚ್ಚರಿಕೆಯಿಂದ ಮಾಡಿದ ಪ್ರಯೋಗಗಳು. ಇವನ್ನು ಓದಿ ನಾನು ಸಂತೋಷಪಟ್ಟವನು. ಕೈಯಿಂದ ಮಾಡುವ ಕೆಲಸದ ಪರಿಣಾಮವನ್ನು ಹೀಗೆ ಅಳೆದು ನೋಡಿದವರು ನಮ್ಮ ವೃತ್ತಿಯಲ್ಲಿ ವಿರಳ. ಆದರೆ ನಾಯಿಗಳಲ್ಲಿ ಕಂಡ ಏರಿಕೆ ಒತ್ತುವುದು ನಿಂತ ಮೇಲೆ ಬೇಗನೆ ಇಳಿಯಿತು ಎಂಬುದನ್ನೂ ಅದೇ ಸಂಶೋಧಕರು ಬರೆದಿದ್ದಾರೆ. ತಮ್ಮ ಪುರವಣಿಯ ಲೇಖನದಲ್ಲಿ ಈ ಸಂಗತಿ ಬಿಟ್ಟುಹೋಗಿದೆ.

ಇನ್ನು ಮನುಷ್ಯರ ವಿಷಯ. ಈ ಬಗೆಯ ಚಿಕಿತ್ಸೆಯನ್ನು ಆಸ್ಪತ್ರೆಯ ರೋಗಿಗಳಲ್ಲಿ ಪರೀಕ್ಷಿಸಿದ ಮುಖ್ಯ ಅಧ್ಯಯನ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾಯಿತು. ನ್ಯುಮೋನಿಯಾದಿಂದ ದಾಖಲಾದ, 50 ವರ್ಷ ಮೀರಿದ 406 ರೋಗಿಗಳನ್ನು ಮೂರು ಗುಂಪು ಮಾಡಲಾಯಿತು. ಎಲ್ಲರಿಗೂ ಆ್ಯಂಟಿಬಯೋಟಿಕ್ ಸಹಿತ ವಾಡಿಕೆಯ ಚಿಕಿತ್ಸೆ ಇತ್ತು. ಒಂದು ಗುಂಪಿಗೆ ಅದರ ಜೊತೆಗೆ ದಿನಕ್ಕೆ ಎರಡು ಬಾರಿ, ಹದಿನೈದು ನಿಮಿಷಗಳಂತೆ ಆಸ್ಟಿಯೋಪಥಿಯ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಕೇವಲ ಹಗುರವಾದ ಸ್ಪರ್ಶ. ಮೂರನೆಯ ಗುಂಪಿಗೆ ವಾಡಿಕೆಯ ಚಿಕಿತ್ಸೆ ಮಾತ್ರ. ಅಧ್ಯಯನಕ್ಕೆ ಸೇರಿದ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದಾಗ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಿಗದಿಯಂತೆ ಪೂರ್ಣ ಚಿಕಿತ್ಸೆ ಪಡೆದವರನ್ನಷ್ಟೇ ಎಣಿಸಿದಾಗ, ಆಸ್ಟಿಯೋಪಥಿ ಪಡೆದವರು ಆಸ್ಪತ್ರೆಯಲ್ಲಿ ಇದ್ದ ಅವಧಿಯ ಮಧ್ಯಕ 3.5 ದಿನ, ವಾಡಿಕೆಯ ಚಿಕಿತ್ಸೆ ಮಾತ್ರ ಪಡೆದವರದು 4.5 ದಿನ ಎಂದು ಬಂದಿತು. ಆದರೆ ಹಗುರವಾಗಿ ಮುಟ್ಟಿದ ಗುಂಪಿಗೆ ಅದು 3.9 ದಿನ ಇದ್ದು, ಆ ಗುಂಪಿಗೂ ಆಸ್ಟಿಯೋಪಥಿಯ ಗುಂಪಿಗೂ ನಡುವಿನ ಅಂತರ ನೆಚ್ಚಬಹುದಾದಷ್ಟು ದೊಡ್ಡದಾಗಿರಲಿಲ್ಲ. ಅಂದರೆ ಫಲದಲ್ಲಿ ಎಷ್ಟು ಪಾಲು ದುಗ್ಧರಸದ್ದು, ಎಷ್ಟು ಪಾಲು ಹಾಸಿಗೆಯ ಪಕ್ಕದಲ್ಲಿ ದಿನಕ್ಕೆರಡು ಬಾರಿ ಒಬ್ಬರು ಬಂದು ಕುಳಿತು ಕೈಯಿಟ್ಟು ನೋಡಿಕೊಂಡದ್ದರದ್ದು ಎಂಬುದು ಈ ಅಧ್ಯಯನದಿಂದ ತಿಳಿಯುವುದಿಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ಈ ಚಿಕಿತ್ಸೆ ಕೊಟ್ಟು ಪ್ರತಿಕಾಯಗಳನ್ನು ಅಳೆದ ಅಧ್ಯಯನಗಳೂ ಇವೆ. 1998ರಲ್ಲಿ ಹೆಪಟೈಟಿಸ್ ಬಿ ಲಸಿಕೆಯೊಂದಿಗೆ ನಡೆದ ಒಂದು ಪ್ರಾಥಮಿಕ ಅಧ್ಯಯನದ ಫಲ ಆಶಾದಾಯಕವಾಗಿತ್ತು, ಆದರೆ ಅದರಲ್ಲಿ ಪಾಲ್ಗೊಂಡವರು ಬಹಳ ಕಡಿಮೆ ಜನ.

ರೋಗನಿರೋಧಕ ಶಕ್ತಿ ಎಂಬುದು ಥರ್ಮಾಮೀಟರಿನಲ್ಲಿ ಜ್ವರ ನೋಡುವಂತೆ ಒಂದೇ ಅಂಕಿಯಲ್ಲಿ ಹಿಡಿದು ಏರಿತು, ಇಳಿಯಿತು ಎನ್ನಬಹುದಾದ ವಸ್ತುವಲ್ಲ. ದುಗ್ಧರಸದಲ್ಲಿ ಕೆಲವು ನಿಮಿಷ ಬಿಳಿ ರಕ್ತಕಣಗಳು ಹೆಚ್ಚು ಹರಿದವು ಎಂದರೆ ದೇಹದಲ್ಲಿ ಆಗಲೇ ಇದ್ದ ಕಣಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿದವು ಎಂದಷ್ಟೇ ಅರ್ಥ. ಆ ಸಾಗಾಟದಿಂದ ಆರೋಗ್ಯವಂತ ಮನುಷ್ಯನಿಗೆ ನೆಗಡಿ ಕಡಿಮೆ ಬಂದಿತೇ, ನ್ಯುಮೋನಿಯಾ ತಪ್ಪಿತೇ ಎಂಬುದನ್ನು ಬೇರೆಯಾಗಿಯೇ ತೋರಿಸಬೇಕು. ಹಾಗೆ ತೋರಿಸುವ ಮೊದಲೇ ‘ರೋಗನಿರೋಧಕ ಶಕ್ತಿ ವೃದ್ಧಿ’ ಎಂದು ಬರೆದರೆ, ಓದುಗರು ಅದನ್ನು ಲಸಿಕೆಗೆ ಪರ್ಯಾಯವೆಂದು ಭಾವಿಸುವ ಅಪಾಯವಿದೆ. ಕೋವಿಡ್ ಕಾಲದಿಂದ ಈ ಮಾತಿಗೆ ಬಂದಿರುವ ಮಾರುಕಟ್ಟೆಯ ಬೆಲೆಯನ್ನು ನಾವೆಲ್ಲ ಕಂಡಿದ್ದೇವೆ. ಬೆಳಗಾವಿ, ವಿಜಯಪುರದಂಥ ಊರುಗಳಲ್ಲಿ ‘ಇಮ್ಯುನಿಟಿ ಪ್ಯಾಕೇಜ್’ ಎಂದು ಹತ್ತು ಬೈಠಕ್ಕುಗಳ ಹಣವನ್ನು ಒಮ್ಮೆಲೇ ಕಟ್ಟಿಸಿಕೊಳ್ಳುವವರೂ ಇದ್ದಾರೆಂದು ನನ್ನ ಬಳಿ ಬರುವ ರೋಗಿಗಳು ಹೇಳುತ್ತಾರೆ.

ಲೇಖನದಲ್ಲಿ ಇನ್ನೊಂದು ಗೊಂದಲವೂ ಇದೆ. ಎದೆ, ಹೊಟ್ಟೆಗಳನ್ನು ಒತ್ತುವ ಆಸ್ಟಿಯೋಪಥಿಯ ವಿಧಾನವನ್ನೂ, ಚರ್ಮವನ್ನು ಬಹಳ ಹಗುರವಾಗಿ ಸರಿಸುತ್ತ ಬಾವಿನ ದ್ರವವನ್ನು ಆರೋಗ್ಯವಾಗಿರುವ ದುಗ್ಧನಾಳಗಳ ಕಡೆಗೆ ತಿರುಗಿಸುವ ಮರ್ದನವನ್ನೂ ಅದು ಒಂದೇ ಎಂಬಂತೆ ಹೇಳಿದೆ. ಎರಡನೆಯದು 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವಾಡರ್ ದಂಪತಿ ಫ್ರಾನ್ಸಿನಲ್ಲಿದ್ದಾಗ ರೂಪಿಸಿದ್ದು. ಇಂದು ಫಿಸಿಯೋಥೆರಪಿಯಲ್ಲಿ ದುಗ್ಧಬಾವಿಗೆ, ಅಂದರೆ ಲಿಂಫೆಡಿಮಾಗೆ, ಬಳಕೆಯಲ್ಲಿರುವುದು ಮುಖ್ಯವಾಗಿ ಇದೇ ಪರಂಪರೆಯದು. ನಮ್ಮ ಕಡೆಯ ಗರಡಿಮನೆಯ ಮಾಲೀಶು, ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವುದು ಮೇಲಿನ ಎರಡೂ ವಿಧಾನಗಳಿಗಿಂತ ಬೇರೆ. ಅವುಗಳಲ್ಲಿ ಸ್ನಾಯುವಿಗೆ ಬಲವಾಗಿ ಕೈ ಹಾಕುತ್ತಾರೆ. ಬಾವು ಬಂದ ಕಾಲಿಗೆ ಅಷ್ಟೇ ಬಲ ಹಾಕಿ ತಿಕ್ಕಿದರೆ ಒಳ್ಳೆಯದೆಂದು ತಿಳಿದವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಕಾಲು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದಿರುವಾಗ ಮರ್ದನ ಮಾಡುವಂತಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಶಂಕೆ ಇರುವವರಿಗೆ, ಹೃದಯ ದುರ್ಬಲವಾಗಿ ಅದಕ್ಕೆ ಚಿಕಿತ್ಸೆ ಇನ್ನೂ ಸರಿಹೋಗದವರಿಗೆ ಮಾಡುವಂತಿಲ್ಲ. ಎಲುಬು ಸವೆದ ವೃದ್ಧರ ಪಕ್ಕೆಲುಬುಗಳ ಮೇಲೆ ಎದೆಯ ಒತ್ತು ಹಾಕಿದರೆ ಮುರಿಯುವ ಭಯವಿದೆ. ನಮ್ಮ ಜಿಲ್ಲೆಯ ಒಬ್ಬ ನೇಕಾರ ಹೆಣ್ಣುಮಗಳನ್ನು, ಕಾಲಿನ ಸೋಂಕಿನಿಂದ ಮೈ ಸುಡುತ್ತಿದ್ದಾಗ, ಒಂದು ಮರ್ದನ ಕೇಂದ್ರದವರು ‘ಕೆಟ್ಟ ನೀರು ಹೊರಹೋಗಲಿ’ ಎಂದು ಮಲಗಿಸಿ ಒತ್ತಿದರು. ಎರಡು ದಿನ ತಡವಾಗಿ ಆಸ್ಪತ್ರೆ ಸೇರಿದ ಆಕೆಗೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಬೇಕಾಯಿತು. ಪುರವಣಿಯ ಲೇಖನದಲ್ಲಿ ಯಾರು ಮಾಡಿಸಿಕೊಳ್ಳಬಾರದು ಎಂಬ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದ ಸಂಗತಿ.

ದುಗ್ಧರಸದ ಹರಿವಿಗೂ ಸೋಂಕಿನಿಂದ ರಕ್ಷಣೆಗೂ ನೇರವಾದ, ಕಣ್ಣಿಗೆ ಕಾಣುವ ಸಂಬಂಧ ಇರುವುದು ಈ ಬಾವಿನ ರೋಗಿಗಳಲ್ಲಿಯೇ. ದುಗ್ಧನಾಳಗಳು ಕೆಟ್ಟ ಕಾಲಿನಲ್ಲಿ ದ್ರವ ಮತ್ತು ಪ್ರೋಟೀನು ನಿಂತು ಚರ್ಮ ದಪ್ಪವಾಗುತ್ತದೆ, ಬೆರಳ ಸಂದುಗಳು ಒಡೆಯುತ್ತವೆ, ರಕ್ಷಕ ಕಣಗಳು ಆ ಭಾಗದಿಂದ ಗ್ರಂಥಿಗಳಿಗೆ ಹೋಗಿ ಬರುವ ದಾರಿ ಮುಚ್ಚಿಕೊಳ್ಳುತ್ತದೆ. ಆಗ ಸಣ್ಣ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಕೂಡ ಚಳಿಜ್ವರದೊಂದಿಗೆ ಕಾಲನ್ನು ಕೆರಳಿಸುತ್ತದೆ; ಪ್ರತಿ ಸಲ ಕೆರಳಿದಾಗಲೂ ಉಳಿದ ದುಗ್ಧನಾಳಗಳು ಇನ್ನಷ್ಟು ಕೆಡುತ್ತವೆ. ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಆನೆಕಾಲು ರೋಗ ಇರುವ ಕರ್ನಾಟಕದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ, ಯಾದಗಿರಿ, ರಾಯಚೂರುಗಳ ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯ ಹೆಸರೂ ಇದೆ. ಮನೆ ಮನೆಗೆ ಮಾತ್ರೆ ನುಂಗಿಸುವ ಕಾರ್ಯಕ್ರಮದಿಂದ ಹೊಸ ಸೋಂಕು ತಗ್ಗಿದೆ, 2027ರೊಳಗೆ ರೋಗವನ್ನು ನಿರ್ಮೂಲನ ಮಾಡುವ ಗುರಿಯನ್ನು ದೇಶ ಇಟ್ಟುಕೊಂಡಿದೆ. ಆದರೆ ಮಾತ್ರೆಯಿಂದ ಆಗಲೇ ಬಾತ ಕಾಲು ಇಳಿಯುವುದಿಲ್ಲ. ಆ ಕಾಲನ್ನು ಹೊತ್ತು ಕಬ್ಬಿನ ಗದ್ದೆಗೆ, ಮಗ್ಗದ ಕುಣಿಗೆ ಹೋಗುವವರು ಸೊಳ್ಳೆ ಇಲ್ಲದಾದ ಮೇಲೂ ಹತ್ತಾರು ವರ್ಷ ನಮ್ಮ ನಡುವೆ ಇರುತ್ತಾರೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಬಗಲಿನ ಗ್ರಂಥಿಗಳನ್ನು ತೆಗೆಸಿಕೊಂಡು, ವಿಕಿರಣ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ಹೆಣ್ಣುಮಕ್ಕಳಲ್ಲಿ ಕೆಲವರ ಕೈ ತಿಂಗಳುಗಳ ನಂತರ ಬಾಯುತ್ತದೆ. ಬಳೆ ಏರದ, ಕುಪ್ಪಸದ ತೋಳು ಹಿಡಿಸದ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವ ಅವರಿಗೆ, ಇದಕ್ಕೆ ಚಿಕಿತ್ಸೆ ಇದೆ ಎಂದು ಅದುವರೆಗೂ ಯಾರೂ ಹೇಳಿರುವುದೇ ಇಲ್ಲ.

ಚಿಕಿತ್ಸೆ ಇದೆ. ಆದರೆ ಅದರಲ್ಲಿ ಕೈಯಿಂದ ಮಾಡುವ ಮರ್ದನದ ಪಾತ್ರ ಎಷ್ಟು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸ್ತನ ಕ್ಯಾನ್ಸರಿನ ನಂತರದ ಬಾವಿನ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಬಂದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯ ಪ್ರಕಾರ, ಸರಿಯಾಗಿ ಬಿಗಿದ ಬ್ಯಾಂಡೇಜಿನಿಂದಲೇ ಬಾವು ಶೇ 30ಕ್ಕೂ ಹೆಚ್ಚು ಇಳಿಯಿತು. ಮರ್ದನವನ್ನು ಅದಕ್ಕೆ ಸೇರಿಸಿದಾಗ ಸಿಕ್ಕ ಹೆಚ್ಚಿನ ಲಾಭ ಶೇ 7ರಷ್ಟು. ಸೋಂಕಿನ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ಪುರಾವೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಿಂದ 2020ರಲ್ಲಿ ಬಂದಿದೆ. ಕಾಲಿನ ಬಾವು ಇದ್ದು, ಪದೇ ಪದೇ ಚರ್ಮದ ಸೋಂಕು ಬರುತ್ತಿದ್ದ 84 ಜನರಲ್ಲಿ ಒಂದು ಗುಂಪಿಗೆ ಬಿಗಿ ಕಾಲುಚೀಲದ ಚಿಕಿತ್ಸೆ ಕೊಟ್ಟಾಗ, ಅವರಲ್ಲಿ ಶೇ 15ರಷ್ಟು ಮಂದಿಗೆ ಮಾತ್ರ ಸೋಂಕು ಮರುಕಳಿಸಿತು. ಕೇವಲ ತಿಳಿವಳಿಕೆ ಪಡೆದ ಗುಂಪಿನಲ್ಲಿ ಅದು ಶೇ 40. ಲಾಭ ಅಷ್ಟು ನಿಚ್ಚಳವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಆನೆಕಾಲಿನ ರೋಗಿಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇನ್ನೂ ಸರಳ: ದಿನಾಲೂ ಸಾಬೂನು ಮತ್ತು ಶುದ್ಧ ನೀರಿನಿಂದ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಬಿರುಕುಗಳಿಗೆ ಮುಲಾಮು ಹಚ್ಚಿ, ಕಾಲನ್ನು ಎತ್ತರಕ್ಕಿಟ್ಟು, ಪಾದದ ವ್ಯಾಯಾಮ ಮಾಡಿ, ಹಿಡಿಸುವ ಚಪ್ಪಲಿ ಹಾಕುವುದು. ದುಗ್ಧರಸದ ಮೂಲಕ ಸೋಂಕನ್ನು ತಡೆಯುವ ದಾರಿ ಇದೇ. ಇದರಲ್ಲಿ ಬಹುಪಾಲನ್ನು ಮನೆಯವರು ಕಲಿತು ಮಾಡಬಹುದು. ಕಲಿಸುವವರು ಬೇಕು, ಬ್ಯಾಂಡೇಜು ಬೇಕು. ಬಿಗಿ ಕಾಲುಚೀಲವನ್ನು ಕಾಲಿನ ಅಳತೆಗೆ ತಕ್ಕಂತೆ ತರಿಸಬೇಕು, ಸಡಿಲಾದ ಮೇಲೆ ಬದಲಿಸಬೇಕು. ದಿನಗೂಲಿಯ ಕುಟುಂಬಕ್ಕೆ ಇದರ ಖರ್ಚು ಭಾರವಾದದ್ದು. ಇದೇ ಕುಟುಂಬ ‘ಇಮ್ಯುನಿಟಿ’ಯ ಹೆಸರಿನಲ್ಲಿ ಹಣ ಕಳೆದುಕೊಂಡು ಬಂದಾಗ ಕಾಲುಚೀಲಕ್ಕೆ ಉಳಿದಿರುವುದಿಲ್ಲ.

ಓದುಗರಿಗೆ ತಿಳಿಸಬೇಕಾದ ಇನ್ನೊಂದು ಮಾತಿದೆ. ಮೇಲೆ ಹೇಳಿದ ಆಸ್ಟಿಯೋಪಥಿಯ ಅಧ್ಯಯನಗಳು ನಡೆದ ಅಮೆರಿಕದಲ್ಲಿ ಅದರ ಪದವೀಧರರು ಪೂರ್ಣ ವೈದ್ಯರು; ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ, ನ್ಯುಮೋನಿಯಾ ರೋಗಿಗೆ ಆ್ಯಂಟಿಬಯೋಟಿಕ್ ನಿಲ್ಲಿಸಿ ಎದೆ ಒತ್ತುವುದಿಲ್ಲ. ಬ್ರಿಟನ್‌ನಲ್ಲಿ ಅವರು ವೈದ್ಯರಲ್ಲದಿದ್ದರೂ 1993ರ ಕಾಯ್ದೆಯಡಿ ನೋಂದಣಿಯಾಗಲೇಬೇಕು. ನಮ್ಮಲ್ಲಿ ಫಲಕದ ಮೇಲೆ ಆ ಹೆಸರನ್ನು ಕಂಡಾಗ, ಚಿಕಿತ್ಸೆ ಕೊಡುವವರ ಮೂಲ ಅರ್ಹತೆ ಯಾವುದು, ಕೇಂದ್ರವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳುವ ಹಕ್ಕು ರೋಗಿಗೆ ಇದೆ, ಕೇಳಲು ಸಂಕೋಚ ಪಡಬೇಕಾಗಿಲ್ಲ.

ಕೈಯ ಚಿಕಿತ್ಸೆಯನ್ನು ಪೂರ್ತಿ ತಳ್ಳಿಹಾಕಬೇಕೆಂಬುದು ನನ್ನ ಅಭಿಪ್ರಾಯವಲ್ಲ. ವೃದ್ಧರ ನ್ಯುಮೋನಿಯಾದಲ್ಲಿ ಒಂದು ದಿನ ಮೊದಲೇ ಮನೆಗೆ ಕಳುಹಿಸುವ ಸಾಧ್ಯತೆ ಇದ್ದರೂ, ಬಡ ರೋಗಿಗೆ ಅದು ಸಣ್ಣ ಮಾತಲ್ಲ. ಅದನ್ನು ಪರೀಕ್ಷಿಸಲು ನಮ್ಮ ಭಾಗದಲ್ಲಿ ಸಾಮರ್ಥ್ಯ ಇಲ್ಲವೆಂದೂ ಅಲ್ಲ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯ ಉಪಯೋಗವನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳ ಮೇಲೆ, ಊರ ದಾದಿಯರ ನೆರವಿನಿಂದ ಪರೀಕ್ಷಿಸಿ, ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದದ್ದನ್ನು ತೋರಿಸಿದ ಅಧ್ಯಯನದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡಿತ್ತು. 2006ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಊರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯೂ ಇದೆ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಎದೆಯ ಒತ್ತು ನ್ಯುಮೋನಿಯಾಗೆ ನೆರವಾಗುತ್ತದೆಯೇ ಎಂಬುದನ್ನು, ಹಗುರ ಸ್ಪರ್ಶದ ಗುಂಪನ್ನೂ ಇಟ್ಟುಕೊಂಡು, ಇಲ್ಲಿಯೇ ನೋಡಬಹುದು.

ಅದಕ್ಕಿಂತ ಮೊದಲು ಆಗಬೇಕಾದದ್ದು ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ದುಗ್ಧಬಾವಿನ ಚಿಕಿತ್ಸಾಲಯ ನಡೆಯುವುದು. ಅಲ್ಲಿ ಈ ಕೆಲಸದಲ್ಲಿ ತರಬೇತಿ ಪಡೆದ ಒಬ್ಬ ಫಿಸಿಯೋಥೆರಪಿಸ್ಟ್ ಇರಬೇಕು. ಬ್ಯಾಂಡೇಜು ಮತ್ತು ಬಿಗಿ ಕಾಲುಚೀಲಗಳು ಬಡವರಿಗೆ ಉಚಿತವಾಗಿ ಸಿಗಬೇಕು. ಮಾತ್ರೆ ನುಂಗಿಸಲು ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಕಾಲು ತೊಳೆಯುವ ಕ್ರಮವನ್ನು ತೋರಿಸಿಕೊಡುವಷ್ಟು ತರಬೇತಿಯೂ ದೊರೆಯಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಬಗ್ಗೆ ಯೋಚಿಸಬೇಕೆಂದು ಈ ಪತ್ರದ ಮೂಲಕ ವಿನಂತಿಸುತ್ತೇನೆ. ತಮ್ಮ ಪುರವಣಿಯು ಮುಂದಿನ ಸಂಚಿಕೆಗಳಲ್ಲಿ ದುಗ್ಧರಸದ ವಿಷಯಕ್ಕೆ ಮತ್ತೆ ಜಾಗ ಕೊಡುವುದಾದರೆ, ಮರ್ದನ ಯಾರಿಗೆ ಸಲ್ಲದು ಎಂಬುದನ್ನೂ, ಬಾತ ಕಾಲಿನವರು ಮನೆಯಲ್ಲಿ ಮಾಡಬೇಕಾದ ಆರೈಕೆಯನ್ನೂ ಚಿತ್ರ ಸಹಿತ ಪ್ರಕಟಿಸಬೇಕೆಂದು ಕೋರುತ್ತೇನೆ. ಓದಲು ಬಾರದವರಿಗೂ ಚಿತ್ರಗಳಿಂದ ಉಪಯೋಗವಾದೀತು.

ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್,
ನವನಗರ, ಬಾಗಲಕೋಟೆ